ಖಾಲಿ ಸೀಟಿನ ಹಲಗೆ

“ಬಕಲ್ ಮುರಿದಿಲ್ಲ ಮೇಡಂ. ಬಿಚ್ಚಿದಾರೆ.”

ಹೊಲಿಗೆ ಮೇಜಿನ ಮೇಲೆ ಅಂಗಾತ ಬಿದ್ದಿದ್ದ, ಹಾರುವವರನ್ನು ಕಟ್ಟಿ ಕೂರಿಸುವ ಹಾರ್ನೆಸ್ಸಿನ ಮೇಲೆ ಅಕ್ಕ ಬೆರಳಿಟ್ಟಳು. ಊರಿಗೆಲ್ಲ ಅವಳು ಅಕ್ಕನೇ. ತಮ್ಮ ಹಾರುತ್ತಾನೆ, ಅಕ್ಕ ಹಾರಿಸುತ್ತಾಳೆ. ರೆಕ್ಕೆಯ ಹರಿದ ಬಟ್ಟೆ ಹೊಲಿಯುವುದು, ಸಿಕ್ಕಾದ ದಾರ ಬಿಡಿಸುವುದು, ಬಂದವರನ್ನು ಸೀಟಿಗೆ ಕಟ್ಟಿ ಕಳಿಸುವುದು ಎಲ್ಲ ಅವಳದೇ ಜವಾಬ್ದಾರಿ. ಆ ತಮ್ಮ ಈಗ ತಲೆಗೆ ಬ್ಯಾಂಡೇಜು, ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ.

ಮೊನ್ನೆ ಮಧ್ಯಾಹ್ನ ಜೋರು ಗಾಳಿ ಅವನ ಪ್ಯಾರಾಗ್ಲೈಡರನ್ನು ಗುಡ್ಡದ ಹಿಂದಿನ ಕಮರಿಗೆ ಎಸೆದಿತ್ತು; ಸಂಜೆಗೆ ಪೈಲಟ್ ಜೀವಂತ ಸಿಕ್ಕಿದ್ದ, ಅವನ ಮುಂದೆ ಕೂತು ಹಾರಿದ್ದ ಹುಡುಗಿಯ ಸೀಟು ಮಾತ್ರ ಖಾಲಿ ಸಿಕ್ಕಿತ್ತು.

ಇನ್ಸ್‌ಪೆಕ್ಟರ್ ಕನ್ನಡಕ ಮೇಲೇರಿಸಿಕೊಂಡು ಬಗ್ಗಿ ನೋಡಿದಳು. ಎದೆಗೊಂದು, ಎರಡು ತೊಡೆಗೆ ಒಂದೊಂದು ಬಕಲ್. ಮೂರೂ ತೆರೆದಿದ್ದವು. ಲೋಹಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

“ತೊಡೆಯ ಪಟ್ಟಿ ಹಾಕೋದೇ ಮರೆತಿದ್ರೆ? ಹಾಗೇ ಜಾರಿ ಬಿದ್ದಿದ್ರೆ?”

“ನಾನು ಮರೀತೀನಾ?” ಅಕ್ಕನ ಮುಖ ಕೆಂಪಾಯಿತು.

“ಸಿಟ್ಟಾಗಬೇಡಿ. ನಾನು ಹೇಳ್ತಿರೋದಲ್ಲ, ದೂರು ಹೇಳ್ತಿರೋದು. ಹುಡುಗೀನ ಮದುವೆ ಆಗಬೇಕಿದ್ದವನು ಬರೆದುಕೊಟ್ಟಿದಾನೆ. ‘ತೊಡೆಯ ಪಟ್ಟಿ ಹಾಕಿರಲಿಲ್ಲ, ನಾನೇ ಕಣ್ಣಾರೆ ಕಂಡೆ’ ಅಂತ. ಇವತ್ತು ಸಂಜೆಯೊಳಗೆ ನಿಮ್ಮ ತಮ್ಮನ್ನ ಬಂಧಿಸಿ ಅಂತ ಮೇಲಿನವರು ನನ್ನ ತಲೆ ತಿಂತಿದಾರೆ.”

“ಹಾಸಿಗೆ ಮೇಲಿಂದ ಏಳೋಕಾಗದವನನ್ನಾ?”

“ಹಾಸಿಗೆ ಪಕ್ಕ ಒಬ್ಬ ಪೊಲೀಸ್ ಕೂತ್ರೆ ಅದೇ ಬಂಧನ ಅಕ್ಕ. ನನಗೂ ಇಷ್ಟ ಇಲ್ಲ. ಇಷ್ಟ ಇಲ್ಲ ಅಂತ ಬರೆದ್ರೆ ಮೇಲಿನವರು ಒಪ್ಪಲ್ಲ.”

ಬಾಗಿಲ ಬಳಿ ನಿಂತಿದ್ದ ಕಾನ್‌ಸ್ಟೆಬಲ್ ಕೆಮ್ಮಿದ. ಠಾಣೆಯವರು ಅವನಿಗೆ ಇಟ್ಟ ಹೆಸರು ಮೌನಿ. ಬಾಯಿಗೆ ಬೀಗವಿಲ್ಲದ ಮನುಷ್ಯನಿಗೆ ಬೇರೆ ಯಾವ ಹೆಸರು ಇಟ್ಟರೂ ತಮಾಷೆ ಅನಿಸುತ್ತಿರಲಿಲ್ಲ.

“ಮೇಡಂ, ನನ್ನ ಭಾವಮೈದನೂ ಒಂದ್ಸಲ ಹಾರಿದ್ದ. ಅವನಿಗೂ ಎಲ್ಲಾ ಹಾಕಿ ಬಿಗಿದಿದ್ರು, ಇಳಿದ ಮೇಲೆ ಎರಡು ದಿನ ನೆಟ್ಟಗೆ ನಡೆಯೋಕಾಗಲಿಲ್ಲ ಅಂದ್ರೆ...”

“ಮೌನಿ.”

“ಸರಿ ಮೇಡಂ.”

ಆದರೆ ಅವನ ಹರಟೆಯಿಂದ ಒಂದು ಮಾತು ಇನ್ಸ್‌ಪೆಕ್ಟರ್ ತಲೆಯಲ್ಲಿ ಉಳಿಯಿತು. ಬಿಗಿದಿದ್ರು. ಅವಳು ತೊಡೆಯ ಪಟ್ಟಿಯ ತುದಿ ಹಿಡಿದು ಎಳೆದು ನೋಡಿದಳು. ಪಟ್ಟಿ ಗಿಡ್ಡಕ್ಕೆ, ಸಣ್ಣ ಮೈಕಟ್ಟಿನವರ ಅಳತೆಗೆ ನಿಂತಿತ್ತು. ಉಳಿದ ತುದಿ ಉದ್ದಕ್ಕೆ ಜೋತಾಡುತ್ತಿತ್ತು.

“ಒಬ್ಬರು ಇಳಿದ ಮೇಲೆ ಈ ಪಟ್ಟಿ ಏನು ಮಾಡ್ತೀರಿ ಅಕ್ಕ?”

“ಪೂರ್ತಿ ಸಡಿಲ ಮಾಡಿ ಇಡ್ತೀನಿ. ಪ್ರತಿ ಸಲ. ಮುಂದಿನವರು ದಪ್ಪಗಿರಬಹುದು, ತೆಳ್ಳಗಿರಬಹುದು. ಹಳೇ ಅಳತೆ ಉಳಿದ್ರೆ ನಾವೂ ಉದಾಸೀನ ಮಾಡಿಬಿಡ್ತೀವಿ. ಅದಕ್ಕೇ ಎಲ್ಲಾ ಬಿಚ್ಚಿ, ಹೊಸದಾಗಿ ಹಾಕಿ, ಬಿಗಿದು, ಒಂದ್ಸಲ ಕೂರಿಸಿ, ಎಬ್ಬಿಸಿ...” ಅಕ್ಕ ಮಾತು ನಿಲ್ಲಿಸಿದಳು. ಅವಳಿಗೂ ಆಗ ಹೊಳೆದಿತ್ತು.

“ಅಂದ್ರೆ ಪಟ್ಟಿ ಹಾಕದೇ ಹೋಗಿದ್ರೆ ಇದು ಸಡಿಲವಾಗೇ ಇರಬೇಕಿತ್ತು.”

“ಹೌದು!”

“ಆದ್ರೆ ಬಿಗಿದಿದೆ. ಆಮೇಲೆ ಬಕಲ್ ತೆಗೆದಿದಾರೆ. ಗಾಳಿಯಲ್ಲಿ ತೂಗಾಡ್ತಾ ತೆಗೆಯೋಕೆ ಆಗುತ್ತಾ?”

“ಮೈಭಾರ ಪೂರ್ತಿ ಅದರ ಮೇಲೇ ಬಿದ್ದಿರುತ್ತೆ ಮೇಡಂ. ಜಗ್ಗಿದ್ರೂ ಬರಲ್ಲ. ಕಾಲು ಎಲ್ಲಾದರೂ ಊರಬೇಕು. ನಿಂತ್ಕೋಬೇಕು. ಆಗ ಮಾತ್ರ ಬಿಚ್ಚೋಕೆ ಬರುತ್ತೆ.”

ಹುಡುಗಿ ಎಲ್ಲೋ ಕಾಲೂರಿ ನಿಂತಿದ್ದಳು. ನಿಂತು, ತನ್ನ ಕೈಯಾರೆ ಬಕಲ್ ಬಿಚ್ಚಿದ್ದಳು. ಕಮರಿಯ ತಳದಲ್ಲಿ ಎರಡು ದಿನದಿಂದ ಜನ ಕೋಲಿನಿಂದ ಪೊದೆ ಬಗೆದು ಹುಡುಕುತ್ತಿದ್ದುದು ಹೆಣವನ್ನು. ಇನ್ಸ್‌ಪೆಕ್ಟರ್ ಎದೆ ಡವಗುಟ್ಟಿತು. ಇಷ್ಟು ವರ್ಷದ ನೌಕರಿಯಲ್ಲಿ ಒಳ್ಳೆಯ ಸುದ್ದಿಗೆ ಅವಳ ಎದೆ ಹೀಗೆ ಹೊಡೆದುಕೊಂಡದ್ದು ಕಡಿಮೆ.

“ಇನ್ನೂ ಒಂದಿದೆ,” ಎಂದು ಅಕ್ಕ ಹಾರ್ನೆಸ್ಸನ್ನು ಮಗುಚಿ ಹಾಕಿ ಸೀಟಿನ ಅಡಿಯ ಚೀಲದೊಳಗೆ ಕೈ ತೂರಿಸಿದಳು. “ಇಲ್ಲಿ ಕೂರೋ ಹಲಗೆ ಇರಬೇಕಿತ್ತು. ತೆಳು ಪ್ಲೈವುಡ್ಡು. ನಾನೇ ಕೊಯ್ದು, ಅಂಚಿಗೆ ಬಟ್ಟೆ ಹೊಲಿದು ಹಾಕಿದ್ದು. ಇಲ್ಲ.”

“ಬಿದ್ದು ಹೋಗಿರಬಹುದು.”

“ಬಿದ್ದಿದ್ರೆ ಚೀಲದ ಬಾಯಿ ತೆರೆದಿರಬೇಕಲ್ಲ? ಮುಚ್ಚಿ ಒತ್ತಿದಾರೆ ನೋಡಿ. ಹಲಗೆ ತೆಗೆದು ಮತ್ತೆ ಬಾಯಿ ಮುಚ್ಚೋಷ್ಟು ಅಚ್ಚುಕಟ್ಟು ಯಾರಿಗಪ್ಪಾ ಅಲ್ಲಿ, ಆ ಗಾಳಿಯಲ್ಲಿ?”

ಇನ್ಸ್‌ಪೆಕ್ಟರ್ ಹಾರ್ನೆಸ್ಸನ್ನು ಮಡಚಿ ಮೌನಿಯ ತೋಳಿಗೆ ಏರಿಸಿದಳು. ಹೊರಡುವ ಮೊದಲು ಬಾಗಿಲಲ್ಲಿ ನಿಂತು ಕೇಳಿದಳು: “ಗಾಳಿ ಏರ್ತಿದೆ ಅಂತ ಗೊತ್ತಿದ್ದೂ ಯಾಕೆ ಬಿಟ್ರಿ?”

ಅಕ್ಕ ಉತ್ತರಕ್ಕೆ ತಡಮಾಡಲಿಲ್ಲ. “ಆ ಕ್ಷಣಕ್ಕೆ ಗಾಳಿ ತಗ್ಗಿತ್ತು. ಕಾಯೋಣ ಅಂತ ತಮ್ಮ ಅಂದ. ಆ ಹುಡುಗಿ ಕೈ ಮುಗಿದ್ಲು ಮೇಡಂ. ಹಾರೋಕೆ ಬಂದವರು ಆಕಾಶ ನೋಡ್ತಾರೆ. ಅವಳು ಕೆಳಗಿನ ರಸ್ತೇನೇ ನೋಡ್ತಿದ್ಲು. ಒಂದು ಗಾಡಿ ಹತ್ತೋ ಸದ್ದು ಬಂತು ನೋಡಿ, ‘ಈಗಲೇ, ದಯವಿಟ್ಟು ಈಗಲೇ’ ಅಂದ್ಲು. ಅವರು ನೆಲ ಬಿಟ್ಟ ಮೇಲೆ ಗಾಡಿ ಬಂತು. ಇಳಿದವನು ಆ ಮದುವೆ ಗಂಡು.”

“ನೆಲ ಬಿಟ್ಟ ಮೇಲೆ?”

“ಬಿಟ್ಟ ಮೇಲೆ. ಅವನು ಪಟ್ಟಿ ನೋಡೋಕೆ ಅವಳು ಇಲ್ಲಿ ಇರಲೇ ಇಲ್ಲ.”

*

ಮೂಳೆ ಡಾಕ್ಟರು ಒಳ್ಳೆಯ ಲಹರಿಯಲ್ಲಿದ್ದರು. ಪೈಲಟ್ ಬೆಳಗ್ಗೆ ಕಣ್ಣು ಬಿಟ್ಟು ನೀರು ಕೇಳಿದ್ದ, ಮತ್ತೆ ನಿದ್ದೆ ಹೋಗಿದ್ದ. ಪ್ರಾಣಕ್ಕೆ ಭಯವಿಲ್ಲ, ಎಂದರು.

“ತಲೆ ಏಟಿನಿಂದ ಉಳಿದದ್ದು ಅವನ ಹಣೆಬರಹ ಅನ್ನೋಣ. ಆದ್ರೆ ಕೈ ಉಳಿದದ್ದು ಹಣೆಬರಹದಿಂದ ಅಲ್ಲ. ಮುರಿದ ಕೈಯನ್ನ ಆ ಕಮರಿಯ ಬಂಡೆ ಮೇಲೆ ಹಾಗೆ ಕಟ್ಟಿದಾರಲ್ಲ, ಅದರಿಂದ.” ಅವರು ಬೀರುವಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. “ನಮ್ಮ ಹುಡುಗರಿಗೆ ತೋರಿಸೋಕೆ ಇಟ್ಕೊಂಡಿದೀನಿ. ಕೆಳಗೆ ಮೆತ್ತೆ, ಮೇಲೆ ಹಲಗೆ, ಬೆರಳ ತುದಿ ಕಾಣೋ ಹಾಗೆ ಹೊರಗೆ ಬಿಟ್ಟಿದಾರೆ. ರಕ್ತ ಓಡ್ತಿದೆಯಾ ಅಂತ ನೋಡೋಕೆ. ಗಂಟು ಕೂಡ ಮುರಿದ ಕಡೆ ಒತ್ತದ ಹಾಗೆ ಪಕ್ಕಕ್ಕೆ. ದಿನಾ ಇದೇ ಕೆಲಸ ಮಾಡೋ ಕೈ ಇದು.”

ಚೀಲದಲ್ಲಿದ್ದುದು ತೆಳು ಪ್ಲೈವುಡ್ ಹಲಗೆ. ಅಂಚಿಗೆ ಬಟ್ಟೆ ಹೊಲಿದಿತ್ತು.

“ಯಾರು ಕಟ್ಟಿದ್ದು ಅಂದ್ರು?”

“ಕ್ಯಾಪ್ಟನ್. ಇನ್ಯಾರು? ಇಲ್ಲೇ, ಟಿವಿಯವರ ಮುಂದೆ ಕೇಳಿದೆ. ‘ನಮ್ಮ ಕರ್ತವ್ಯ ಡಾಕ್ಟ್ರೇ’ ಅಂದ.”

ಕ್ಯಾಪ್ಟನ್ ಅಂದರೆ ಬೆಟ್ಟದ ರಕ್ಷಣಾ ತಂಡದ ಮುಖ್ಯಸ್ಥ. ಅವನು ಯಾವ ಸೈನ್ಯದಲ್ಲೂ ಇರಲಿಲ್ಲ, ಹಡಗನ್ನಂತೂ ಹತ್ತಿರದಿಂದ ಕಂಡವನೇ ಅಲ್ಲ. ಆದರೂ ಹಗ್ಗ ಹೆಗಲಿಗೇರಿಸಿ ಮೀಸೆ ತೀಡಿಕೊಂಡು ನಿಂತರೆ ಬೇರೆ ಏನೆಂದೂ ಕರೆಯಲು ಬಾಯಿ ಬರುತ್ತಿರಲಿಲ್ಲ. ಮೊನ್ನೆಯಿಂದ ಅವನು ಊರಿನ ಕಣ್ಮಣಿ.

ಇನ್ಸ್‌ಪೆಕ್ಟರ್ ಹಲಗೆಯ ಚೀಲ ಇಸಿದುಕೊಂಡು ಹೊರಗೆ ಬಂದಳು. ಕಾರಿಡಾರಿನ ಬೆಂಚಿನ ಮೇಲೆ ಹುಡುಗಿಯ ತಾಯಿ ಕೂತಿದ್ದಳು, ಮಡಿಲಲ್ಲಿ ಕೈಚೀಲ. ಪೈಲಟ್‌ಗೆ ಎಚ್ಚರವಾದರೆ ಮಗಳ ಕೊನೆಯ ಮಾತು ಏನಾದರೂ ಗೊತ್ತಾದೀತು ಅಂತ ಮೊನ್ನೆಯಿಂದ ಅಲ್ಲೇ. ಮದುವೆ ಗಂಡು ಆಕೆಯ ಬೆನ್ನಿಗೇ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ನೀರಿನ ಬಾಟಲಿ. ಎಲ್ಲರಿಗೂ ಅವನೇ ಉಪಚಾರ ಮಾಡುತ್ತಿದ್ದ.

“ಮೇಡಂ, ಬಾಡಿ ಸಿಕ್ತಾ?”

ಅವನು ಮೊದಲ ದಿನದಿಂದಲೂ ಹೀಗೇ ಕೇಳುತ್ತಿದ್ದ. ಉಳಿದವರೆಲ್ಲ ‘ಹುಡುಗಿ ಸಿಕ್ಕಳಾ’ ಅನ್ನುತ್ತಿದ್ದರು.

“ಇನ್ನೂ ಹುಡುಕ್ತಿದೀವಿ.” ಇನ್ಸ್‌ಪೆಕ್ಟರ್ ತಾಯಿಯ ಕಡೆ ಬಾಗಿದಳು. “ಅಮ್ಮಾ, ಮಗಳು ಏನು ಕೆಲಸ ಮಾಡ್ತಿದ್ಲು?”

“ಮಾಡ್ತಿದ್ದದ್ದು ಬಿಡಿಸಿ ಆಯ್ತು ಮೇಡಂ,” ಎಂದ ಅವನು. “ಮದುವೆ ಆದ ಮೇಲೆ ಯಾಕೆ ಅದೆಲ್ಲ?”

ತಾಯಿ ತಲೆ ಎತ್ತಲಿಲ್ಲ. ಸಣ್ಣ ದನಿಯಲ್ಲಿ ಹೇಳಿದಳು: “ನಮ್ಮ ಕಡೆ ಒಬ್ಬ ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ. ಪ್ಲಾಸ್ಟರ್ ಕಟ್ತಿದ್ಲು. ಕೈ ಬಹಳ ಹಗುರ ಅಂತಿದ್ರು.”

ಇನ್ಸ್‌ಪೆಕ್ಟರ್ ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡಳು. ಸಂತೋಷ ಮುಖದ ಮೇಲೆ ಕಾಣದ ಹಾಗೆ ನೋಡಿಕೊಳ್ಳುವುದು ಅವಳಿಗೆ ಕಷ್ಟವಾಯಿತು. “ಕ್ಯಾಪ್ಟನ್ ಎಲ್ಲಿದ್ರೂ ಕರ್ಕೊಂಡು ಬಾ,” ಎಂದು ಮೌನಿಗೆ ಹೇಳಿದಳು. “ದಾರಿಯಲ್ಲಿ ಯಾರ ಹತ್ರಾನೂ ಏನೂ ಮಾತಾಡಬೇಡ. ಹವಾಮಾನದ ಬಗ್ಗೆ ಕೂಡ.”

*

ಪ್ಲಾಸ್ಟರ್ ಕೋಣೆಯಲ್ಲಿ ಸುಣ್ಣದ ವಾಸನೆ. ಕ್ಯಾಪ್ಟನ್ ಬಂದವನೇ ಸ್ಟೂಲಿನ ಮೇಲೆ ಕೂತು ಮಂಡಿ ಉಜ್ಜಿಕೊಂಡ. ಅವನ ಎರಡೂ ಅಂಗೈ ಹಗ್ಗ ಉಜ್ಜಿ ಸುಲಿದಿದ್ದವು. ಒಂದು ಕೆನ್ನೆ ಬಂಡೆಗೆ ತಾಗಿ ಊದಿತ್ತು.

“ಬೇಗ ಹೇಳಿ ಮೇಡಂ. ಹುಡುಗರು ಕಮರಿಯಲ್ಲಿ ಕಾಯ್ತಿದಾರೆ.”

“ಬೇಗನೇ ಹೇಳ್ತೀನಿ. ಪೈಲಟ್ ಕೈಗೆ ಕಟ್ಟಿದ್ರಲ್ಲ, ಈ ಹಲಗೆ. ಎಲ್ಲಿಂದ ಬಂತು?”

“ನಮ್ಮದೇ. ನಮ್ಮ ಚೀಲದಲ್ಲಿ ಯಾವಾಗ್ಲೂ ಒಂದು ಇರುತ್ತೆ.”

“ನಿಮ್ಮದೇ?”

“ಹ್ಞೂಂ. ಯಾಕೆ?”

ಇನ್ಸ್‌ಪೆಕ್ಟರ್ ಹಾರ್ನೆಸ್ಸನ್ನು ಮೇಜಿನ ಮೇಲೆ ಬಿಡಿಸಿ, ಸೀಟಿನ ಅಡಿಯ ಚೀಲ ತೆರೆದು, ಹಲಗೆಯನ್ನು ಒಳಗೆ ತಳ್ಳಿದಳು. ಅದು ಸಲೀಸಾಗಿ ಹೋಗಿ, ಮೂಲೆಗೆ ಮೂಲೆ ಕೂತುಕೊಂಡಿತು.

ಕ್ಯಾಪ್ಟನ್ ಮೀಸೆಯ ಮೇಲಿದ್ದ ಕೈ ಕೆಳಗಿಳಿಯಿತು.

“ನಿಮ್ಮ ಚೀಲದ ಹಲಗೆ ಹುಡುಗಿ ಸೀಟಿಗೆ ಇಷ್ಟು ಸರಿಯಾಗಿ ಹೊಂದ್ಕೊಳ್ತಲ್ಲ ಕ್ಯಾಪ್ಟನ್.”

“ಇರಲಿ, ಆ ಖಾಲಿ ಸೀಟಿಂದ ತೆಗೆದಿರಬೇಕು. ಆ ಗಾಳಿಯಲ್ಲಿ ಏನು ಮಾಡಿದೆ ಅಂತ ಎಲ್ಲಾ ನೆನಪಿರುತ್ತಾ?”

“ಮುರಿದ ಕೈ ಕಟ್ಟಿದ್ದು ನೆನಪಿಲ್ಲದೇ ಹೋಗುತ್ತಾ? ಸರಿ, ಮೌನಿ ಕೈ ಇದೆ, ಹಲಗೆ ಇದೆ, ಬಟ್ಟೆ ಕೊಡಿಸ್ತೀನಿ. ಅದೇ ರೀತಿ ಇನ್ನೊಂದ್ಸಲ ಕಟ್ಟಿ ತೋರಿಸಿ. ಡಾಕ್ಟರನ್ನೂ ಕರೀತೀನಿ.”

ಮೌನಿ ಉತ್ಸಾಹದಿಂದ ತೋಳು ಮಡಚತೊಡಗಿದ. ಕ್ಯಾಪ್ಟನ್ ಅವನ ತೋಳು ನೋಡಿದ, ಮುಚ್ಚಿದ ಬಾಗಿಲು ನೋಡಿದ, ಕೊನೆಗೆ ತನ್ನ ಸುಲಿದ ಅಂಗೈ ನೋಡಿಕೊಂಡ.

“ನಾನು ಕಟ್ಟಿಲ್ಲ,” ಎಂದ.

“ಜೋರಾಗಿ ಹೇಳಿ.”

“ನಾನು ಕಟ್ಟಿಲ್ಲ ಮೇಡಂ! ನಾನು ಇಳಿಯೋ ಹೊತ್ತಿಗೇ ಎಲ್ಲಾ ಆಗಿತ್ತು. ಕೈಗೆ ಹಲಗೆ ಕಟ್ಟಿತ್ತು. ಅವನು ಜಾರದ ಹಾಗೆ ಸೊಂಟಕ್ಕೂ ಮರಕ್ಕೂ ಹಗ್ಗ ಬಿಗಿದಿತ್ತು. ಅವನೇ ಕಟ್ಟಿಕೊಂಡಿರಬೇಕು ಅಂದುಕೊಂಡೆ. ಯೋಚನೆ ಮಾಡೋಕೆ ಪುರಸೊತ್ತೆಲ್ಲಿತ್ತು? ಗಾಳಿ ನನ್ನನ್ನ ಬಂಡೆಗೆ ಬಡೀತಿತ್ತು. ಮೇಲೆ ತಂದ್ರೆ ಸಾಕಪ್ಪಾ ಅನಿಸಿತ್ತು.”

“ಆಮೇಲೆ?”

“ಆಮೇಲೆ ಇಲ್ಲಿ ಬಂದ ತಕ್ಷಣ ಡಾಕ್ಟರು ಎಲ್ಲರ ಮುಂದೆ ಹೊಗಳಿದ್ರು. ಟಿವಿಯವರು ಮೈಕ್ ಹಿಡಿದ್ರು. ಒಂದು ಮಾತು ಬಾಯಿಗೆ ಬಂದುಬಿಡ್ತು. ಮಾರನೇ ದಿನ ನನ್ನ ಹೆಂಡತಿ ಪೇಪರ್ ಕತ್ತರಿಸಿ ಗೋಡೆಗೆ ಅಂಟಿಸಿದಾಳೆ. ಮಗಳು ಸ್ಕೂಲಲ್ಲಿ ಎಲ್ಲರಿಗೂ ಹೇಳಿ ಬಂದಿದಾಳೆ. ಇನ್ನು ಹೇಗೆ ಹಿಂದಕ್ಕೆ ತಗೊಳ್ಳಲಿ?”

ಇನ್ಸ್‌ಪೆಕ್ಟರ್‌ಗೆ ಅವನನ್ನು ಹಿಡಿದು ಅಲ್ಲಾಡಿಸುವಷ್ಟು ಕೋಪ ಬಂದಿತ್ತು. ಅಷ್ಟೇ ಮರುಕವೂ ಬಂತು. ಅಂಥ ಗಾಳಿಯಲ್ಲಿ ಆ ಕಮರಿಗೆ ಇಳಿಯುವ ಎದೆಗಾರಿಕೆ ಊರಿನಲ್ಲಿ ಬೇರೆ ಯಾರಿಗಿತ್ತು? ಇಳಿದದ್ದು ನಿಜ, ಒಬ್ಬನನ್ನು ಹೊತ್ತು ತಂದದ್ದು ನಿಜ. ಅದರ ಮೇಲೆ ಒಂದು ಸಣ್ಣ ಸುಳ್ಳಿನ ತುರಾಯಿ ಸಿಕ್ಕಿಸಿಕೊಂಡಿದ್ದ.

“ನೀವು ಮಾಡಿದ್ದೇ ಬೇಕಾದಷ್ಟಿತ್ತು ಕ್ಯಾಪ್ಟನ್. ಯೋಚನೆ ಮಾಡಿ. ಪೈಲಟ್‌ಗೆ ಎಚ್ಚರ ಇರಲಿಲ್ಲ. ಒಂದು ಕೈ ಮುರಿದಿತ್ತು. ತನ್ನ ಕೈಗೆ ತಾನೇ ಹಾಗೆ ಕಟ್ಟಿಕೊಳ್ಳೋಕೆ ಆಗುತ್ತಾ? ನೀವು ಕಟ್ಟಿಲ್ಲ ಅಂದ್ರೆ ಯಾರು ಕಟ್ಟಿದ್ದು?”

ಕ್ಯಾಪ್ಟನ್ನನ ಊದಿದ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು.

“ಅಯ್ಯೋ ದೇವರೇ. ಆ ಹುಡುಗಿ... ಎರಡು ದಿನ ನಾನು ಕೆಳಗೆ...” ಅವನು ತಟ್ಟನೆ ಎದ್ದು ನಿಂತ. “ಫೋನು! ಮೇಡಂ, ಆ ಫೋನು ಅವಳದೇ!”

“ಯಾವ ಫೋನು?”

“ನಾನು ಬೈನಾಕ್ಯುಲರಿನಲ್ಲಿ ನೋಡಿ ಪೈಲಟ್ ಸಿಕ್ಕಿಕೊಂಡಿದ್ದ ಮರ ಪತ್ತೆ ಮಾಡಿದೆ ಅಂದಿದ್ನಲ್ಲ...”

“ಅದೂ ಸುಳ್ಳಾ?”

“ಅದೂ,” ಎಂದು ಕ್ಯಾಪ್ಟನ್ ತಲೆ ತಗ್ಗಿಸಿದ. “ಯಾರೋ ಹೆಂಗಸು ಫೋನ್ ಮಾಡಿದ್ಲು. ಏದುಸಿರು ಬಿಡ್ತಿದ್ಲು. ‘ಅಣ್ಣ, ನೀರು ಜಿನುಗೋ ಬಂಡೆ ಪಕ್ಕದ ಮರ. ಬೇಗ ಬನ್ನಿ. ಎಡಗೈ ಹಿಡಿದು ಮಾತ್ರ ಎಳೀಬೇಡಿ’ ಅಂದ್ಲು. ಇಟ್ಟುಬಿಟ್ಲು. ಯಾರೋ ಪ್ರವಾಸಿಗಳು ದೂರದಿಂದ ನೋಡಿರಬೇಕು ಅಂದುಕೊಂಡೆ. ದೂರದಿಂದ ನೋಡಿದವರಿಗೆ ಎಡಗೈ ಅಂತ ಹೇಗೆ ಗೊತ್ತಾಗುತ್ತೆ? ನನ್ನ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು!”

ಮೌನಿ ಒಂದು ಸಿಳ್ಳೆ ಹೊಡೆದ. ಇನ್ಸ್‌ಪೆಕ್ಟರ್ ಅವನನ್ನು ಗದರಿಸಲಿಲ್ಲ. ಅವಳಿಗೂ ಸಿಳ್ಳೆ ಹೊಡೆಯುವಷ್ಟು ಖುಷಿಯಾಗಿತ್ತು. ಪ್ಲಾಸ್ಟರ್ ಕಟ್ಟುವ ಹುಡುಗಿ, ಅಂಗೈಯಗಲದ ಬಂಡೆಯ ಮೇಲೆ ನಿಂತು, ಗೊತ್ತಿಲ್ಲದ ಗಂಡಸಿನ ಕೈ ಉಳಿಸಿ, ಅವನನ್ನು ಮರಕ್ಕೆ ಭದ್ರ ಮಾಡಿ, ಮೇಲೆ ಹತ್ತಿ ಹೋಗಿದ್ದಳು. ಹೋದವಳು ಅವನನ್ನು ಮರೆತಿರಲಿಲ್ಲ.

“ಹೋಗಿ ಕ್ಯಾಪ್ಟನ್. ಕಮರಿಯ ತಳದಲ್ಲಿರೋರನ್ನೆಲ್ಲ ಮೇಲೆ ಕರೆಸಿ. ಮೇಲಿನ ಕಾಲುದಾರಿ, ಗುಡಿಸಲು, ರಸ್ತೆ, ಎಲ್ಲಾ ನೋಡಿ. ನೀವು ಹುಡುಕ್ತಿರೋದು ಬದುಕಿರೋ ಹುಡುಗೀನ ಅಂತ ಎಲ್ಲರಿಗೂ ಹೇಳಿ.”

“ನಾನೇ ಹೇಳ್ತೀನಿ. ಸುಳ್ಳು ಹೇಳಿದ್ದೂ ನಾನೇ ಹೇಳ್ತೀನಿ.” ಅವನು ತನ್ನ ಫೋನಿನಲ್ಲಿ ಆ ನಂಬರ್ ತೋರಿಸಿದ, ಇನ್ಸ್‌ಪೆಕ್ಟರ್ ಅದನ್ನು ತನ್ನ ಫೋನಿಗೆ ಒತ್ತಿಕೊಂಡಳು. ಮರುಕ್ಷಣ ಅವನು ಹಿಂಬಾಗಿಲಿಂದ ಜೀಪಿನ ಕಡೆ ಓಡುತ್ತಿದ್ದ. ಓಡುತ್ತಲೇ ಫೋನಿನಲ್ಲಿ ತನ್ನ ಹುಡುಗರನ್ನು ಕೂಗಿ ಕರೆಯುತ್ತಿದ್ದ.

ಇನ್ಸ್‌ಪೆಕ್ಟರ್ ಆ ನಂಬರಿಗೆ ಕರೆ ಮಾಡಿ ಕಿವಿಗಿಟ್ಟಳು. ರಿಂಗ್ ಆಗತೊಡಗಿತು.

ಬಾಗಿಲಾಚೆ, ಕಾರಿಡಾರಿನಲ್ಲಿ ಎಲ್ಲೋ ಒಂದು ಫೋನು ಹಾಡಿತು.

ಅವಳು ಬಾಗಿಲನ್ನು ಒಂದಿಷ್ಟೇ ಸರಿಸಿದಳು. ಬೆಂಚಿನ ಮೇಲೆ ಹುಡುಗಿಯ ತಾಯಿ ಕೈಚೀಲದೊಳಗೆ ಕೈ ಹಾಕಿದ್ದಳು. ಹಾಡು ನಿಂತಿತು. ಆಕೆ ಫೋನನ್ನು ಹೊರಗೆ ತೆಗೆಯಲೂ ಇಲ್ಲ, ನೋಡಲೂ ಇಲ್ಲ.

“ಯಾರದು ಅತ್ತೆ?” ಎಂದ ಮದುವೆ ಗಂಡು.

“ಯಾರೋ ಸಾಲ ಕೊಡ್ತೀವಿ ಅನ್ನೋರಪ್ಪ. ದಿನಾ ಇದೇ ಗೋಳು.”

ಎರಡು ದಿನದಿಂದ ಮಗಳ ಸುದ್ದಿಗೆ ಕಾಯುತ್ತಿರುವ ತಾಯಿ, ಫೋನ್ ಬಂದರೆ ಯಾರೆಂದೂ ನೋಡುವುದಿಲ್ಲವೇ? ಮೊನ್ನೆ ಸಂಜೆ ಏದುಸಿರು ಬಿಡುತ್ತಾ ಕ್ಯಾಪ್ಟನ್‌ಗೆ ಕರೆ ಮಾಡಿದ್ದು ಆ ಫೋನಿನಿಂದ. ಅಂದರೆ ಹುಡುಗಿ ಕಮರಿ ಹತ್ತಿ ತಾಯಿಯನ್ನು ಸೇರಿದ್ದಳು. ತಾಯಿಗೆ ಎಲ್ಲ ಗೊತ್ತಿತ್ತು.

ಮದುವೆ ಗಂಡು ಬಾಟಲಿ ತುಂಬಿಸಲು ಕಾರಿಡಾರಿನ ಕೊನೆಯ ನಲ್ಲಿಯ ಕಡೆ ಹೋದ. ಇನ್ಸ್‌ಪೆಕ್ಟರ್ ಹೋಗಿ ಬೆಂಚಿನ ಮೇಲೆ ಆಕೆಯ ಪಕ್ಕ ಕೂತಳು. ದನಿ ತಗ್ಗಿಸಿ ಹೇಳಿದಳು: “ಅಮ್ಮಾ, ಆಗ ಫೋನ್ ಮಾಡಿದ್ದು ನಾನು.”

ತಾಯಿಯ ಬೆರಳುಗಳು ಕೈಚೀಲದ ಮೇಲೆ ಬಿಗಿದವು. ಆಕೆ ಬೆಳಗ್ಗಿನಿಂದ ಮೊದಲ ಸಲ ಮುಖ ಎತ್ತಿದಳು. ಅಳು ಇರಲಿಲ್ಲ ಆ ಕಣ್ಣಲ್ಲಿ. ಹೆದರಿಕೆ ಇತ್ತು, ಅದರ ಹಿಂದೆಯೇ ಒಂದು ಹೆಮ್ಮೆಯೂ ಇತ್ತು.

“ಮೂರು ಸಲ ಮನೆ ಬಿಟ್ಟು ಹೋಗೋಕೆ ನೋಡಿದ್ಲು ಮೇಡಂ. ಮೂರು ಸಲವೂ ಇವನು ರಸ್ತೆಯಲ್ಲೇ ಹಿಡಿದು ತಂದ. ಅದಕ್ಕೇ ರಸ್ತೆ ಬಿಟ್ಟು ಬೇರೆ ದಾರಿ ಹುಡುಕಿದ್ಲು. ಕೆಳಗೆ ಇಳಿಯೋ ಬಯಲಲ್ಲಿ ನಾನು ಗಾಡಿ ಇಟ್ಕೊಂಡು ಕಾಯ್ತಿದ್ದೆ. ಗಾಳಿ ಕಮರಿಗೆ ಎಸೀತು ಅಂತ ಗೊತ್ತಾದ್ಮೇಲೆ ಆ ಕಡೆ ಓಡಿದೆ, ಹತ್ತಿ ಬಂದವಳು ದಾರಿಯಲ್ಲಿ ಸಿಕ್ಕಿದ್ಲು.” ಆಕೆ ಇನ್ಸ್‌ಪೆಕ್ಟರ್ ಕೈ ಹಿಡಿದುಕೊಂಡಳು. “ನಾಳೆ ಅವಳು ದೂರ ಮುಟ್ಟಿಬಿಡ್ತಾಳೆ, ದಾರಿಯಲ್ಲಿ ಆಗಾಗ ಫೋನ್ ಮಾಡ್ತಾಳೆ. ಆ ಪೈಲಟ್ ಹುಡುಗನ ಮೇಲಿನ ದೂರಿಗೂ ಅವಳೇ ಉತ್ತರ ಕೊಡ್ತೀನಿ ಅಂದಿದಾಳೆ. ಇವತ್ತೊಂದು ದಿನ ಅವಳು ಸತ್ತೇ ಇರಲಿ ಮೇಡಂ. ನಿಮ್ಮ ಕಾಲಿಗೆ ಬೀಳ್ತೀನಿ.”

ಇನ್ಸ್‌ಪೆಕ್ಟರ್ ತಟ್ಟನೆ ತನ್ನ ಫೋನು ತೆಗೆದಳು. ಎಲ್ಲರಿಗೂ ಹೇಳಿ ಅಂತ ತಾನೇ ಕ್ಯಾಪ್ಟನ್‌ಗೆ ಹೇಳಿ ಕಳಿಸಿದ್ದಳು. ಅವಸರದಿಂದ ಅವನ ನಂಬರ್ ಒತ್ತಿದಳು. ಲೈನು ಬಿಡುವಿರಲಿಲ್ಲ.

ಕಾರಿಡಾರಿನ ಕೊನೆಯಲ್ಲಿ ಮದುವೆ ಗಂಡು ತನ್ನ ಫೋನನ್ನು ಕಿವಿಗಿಟ್ಟುಕೊಂಡಿದ್ದ. ಆ ಕಡೆಯಿಂದ ಯಾರೋ ಸಂತೋಷದಿಂದ ಕಿರುಚುವುದು ಇಲ್ಲಿಯವರೆಗೂ ಕೇಳಿಸುತ್ತಿತ್ತು. ಬಾಟಲಿ ತುಂಬಿ ನೀರು ಅವನ ಬೂಟಿನ ಮೇಲೆ ಸುರಿಯುತ್ತಿದ್ದರೂ ಅವನಿಗೆ ಅದರ ಗಮನವಿರಲಿಲ್ಲ. ಫೋನು ಜೇಬಿಗೆ ಹಾಕಿ, ನಲ್ಲಿ ನಿಲ್ಲಿಸಿ, ಅವಸರವಿಲ್ಲದೆ ನಡೆದು ಬಂದ.

“ಅತ್ತೆ,” ಎಂದ, ನಗುತ್ತಲೇ. “ಒಳ್ಳೆ ಸುದ್ದಿ. ಬದುಕಿದಾಳಂತೆ. ಯಾವುದೋ ನಂಬರಿನಿಂದ ಫೋನ್ ಬೇರೆ ಮಾಡಿದಾಳಂತೆ. ನಿಮ್ಮ ಫೋನು ಸ್ವಲ್ಪ ಕೊಡಿ.”

ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಕೈಚೀಲದಿಂದ ಫೋನು ತೆಗೆದು ಎದ್ದು ನಿಂತಿದ್ದಳು. “ಇದು ಈಗ ಪೊಲೀಸರ ವಶದಲ್ಲಿದೆ,” ಎಂದಳು. “ನಿಮಗೂ ಒಂದೆರಡು ಪ್ರಶ್ನೆ ಕೇಳೋದಿದೆ. ನೀವು ಕಣ್ಣಾರೆ ಕಂಡ ಆ ತೊಡೆಯ ಪಟ್ಟಿ ಬಗ್ಗೆ.”

ಅವನು ಅವಳ ಮಾತಿಗೆ ಕಿವಿಗೊಡಲಿಲ್ಲ. ಅವನ ಕಣ್ಣು ಅವಳ ಅಂಗೈ ಮೇಲೆ ನೆಟ್ಟಿತ್ತು.

ಅಂಗೈಯಲ್ಲಿದ್ದ ಫೋನು ಬೆಳಗಿ, ಹಾಡತೊಡಗಿತು. ಈ ಸಲ ಕರೆ ಮಾಡಿದ್ದು ಇನ್ಸ್‌ಪೆಕ್ಟರ್ ಅಲ್ಲ.